ಐದಾದ ಮೇಲೆ ನಾಲ್ಕನೇ ರೀಲು

ಮಾರ್ಚ್ 2, ಸೋಮವಾರ

ಈ ಪುಸ್ತಕವನ್ನು ಗುಬ್ಬಿ ಕೊಟ್ಟದ್ದು ಅಕ್ಕನ ಔಷಧಿಯ ಹೊತ್ತು ಬರೆದಿಡುವುದಕ್ಕೆ. ಸ್ಕೇಲಿಟ್ಟು ಗೆರೆ ಎಳೆದು ಮೂರು ಮನೆ ಮಾಡಿದ್ದಾಳೆ: ಹೊತ್ತು, ಔಷಧಿ, ಅಮ್ಮ ಹೇಗಿದ್ದಳು. "ಮಾಮ, ನಾನು ಕೆಲಸಕ್ಕೆ ಹೋದಾಗ ನೀನೇ ಬರೀಬೇಕು, ಮರೀಬೇಡ" ಅಂದಳು. ಮರೆಯುವುದೇ? ನಮ್ಮೂರ ಶಾಲೆಯಲ್ಲಿ ಏಳನೇ ಕ್ಲಾಸು ಮುಟ್ಟಿದ ಹನ್ನೆರಡು ಮಂದಿಯಲ್ಲಿ ಅಕ್ಷರ ಅಂದರೆ ನನ್ನದೇ. ಮೇಷ್ಟ್ರು ನನ್ನ ಕಾಪಿ ಪುಸ್ತಕವನ್ನು ಇನ್ಸ್‌ಪೆಕ್ಟರಿಗೆ ತೋರಿಸಿ ತಮ್ಮ ನೌಕರಿ ಉಳಿಸಿಕೊಂಡಿದ್ದರು. ಇಂಥ ಅಕ್ಷರವನ್ನು 'ಬಿಳಿ ಮಾತ್ರೆ ಒಂದು' ಅಂತ ಬರೆದು ಹಾಳು ಮಾಡಲೇ? ಗೆರೆ ತನ್ನ ಪಾಡಿಗೆ ಇರಲಿ. ನಾನು ನನ್ನ ಪಾಡಿಗೆ ಬರೆಯುತ್ತೇನೆ.

ಅಕ್ಕನನ್ನು ನಿನ್ನೆ ಆಸ್ಪತ್ರೆಯಿಂದ ಮನೆಗೆ ತಂದೆವು. ಡಾಕ್ಟರು ಗುಬ್ಬಿಗೆ ಹೇಳಿದರಂತೆ, ಇನ್ನು ನಮ್ಮ ಕೈಯಲ್ಲಿ ಏನೂ ಇಲ್ಲ, ನೋವಾಗದ ಹಾಗೆ ನೋಡಿಕೊಳ್ಳಿ, ಪಕ್ಕದಲ್ಲಿ ಯಾರಾದರೂ ಕೂತಿರಿ ಅಂತ. ನಾನು ಆಗ ಅಲ್ಲಿರಲಿಲ್ಲ. ಲಿಫ್ಟಿನ ಬಾಗಿಲು ಹೇಗೆ ತಾನೇ ಮುಚ್ಚಿಕೊಳ್ಳುತ್ತದೆ ಅನ್ನುವುದನ್ನು ಪರೀಕ್ಷಿಸುತ್ತಿದ್ದೆ.

ಅವಳ ಕೋಣೆ ಪಡುವಣ ಕಿಟಕಿಯದು. ಮಧ್ಯಾಹ್ನ ಮೂರರ ಮೇಲೆ ಬಿಸಿಲು ಕೆಂಪು ಪರದೆಯೊಳಗಿಂದ ಸೋಸಿ ಬಂದು ಗೋಡೆ, ಮಂಚ, ನೀರಿನ ಲೋಟ ಎಲ್ಲ ಕೆಂಪಾಗುತ್ತವೆ. ನಾನು ಇವತ್ತು ಆ ಬಾಗಿಲಿನ ತಿರುಗಣೆಗೆ ಎಣ್ಣೆ ಬಿಟ್ಟೆ. ಹೊರಗಿನಿಂದಲೇ ಬಿಡಬಹುದು. ಕೆಲಸ ಗೊತ್ತಿದ್ದವನಿಗೆ ಒಳಗೆ ಹೋಗಬೇಕಿಲ್ಲ.

ಮಾರ್ಚ್ 4, ಬುಧವಾರ

ಗುಬ್ಬಿ ಅಂದರೆ ಅಕ್ಕನ ಮಗಳು. ಮೂವತ್ತೆಂಟು ವರ್ಷವಾದರೂ ಗುಬ್ಬಿಯೇ. ಅವಳ ಕೆಲಸ ಹಳೇ ಫಿಲಂಗಳನ್ನು ತೊಳೆದು, ಒಣಗಿಸಿ, ಕಾಪಾಡುವ ಕಚೇರಿಯಲ್ಲಿ. ನನ್ನಿಂದಲೇ ಆ ಹುಚ್ಚು ಹತ್ತಿದ್ದು ಅಂತ ನಾನು ಹೇಳುತ್ತೇನೆ, ಇಲ್ಲ ಅಂತ ಅವಳು ಹೇಳುತ್ತಾಳೆ.

ಇವತ್ತು ಊಟದ ಹೊತ್ತಿಗೆ ಬಂದವಳು ಅಡುಗೆಮನೆಯಲ್ಲಿ ನಿಂತೇ ಹೇಳಿದಳು: "ಮಾಮ, ಮುಂದಿನ ವಾರ ನಮ್ಮ ಹಾಲ್‌ನಲ್ಲಿ ಹಳೇ ಇಟಲಿ ದೆವ್ವದ ಪಿಕ್ಚರ್‌ಗಳು. ದಿನಾ ಮ್ಯಾಟಿನಿ. ನೀನು ಓಡಿಸ್ತಿದ್ದವೇ ಮೂರು ಇವೆ."

ನಾನು ಬಾಯಿ ತೆರೆಯುವ ಮೊದಲೇ ಒಳಗಿನ ಕೋಣೆಯಿಂದ ಅಕ್ಕನ ದನಿ ಬಂತು. ನೂಲಿನಷ್ಟು ಸಣ್ಣ ದನಿ.

"ಮೆಟ್ಟಿಲಿಳಿಯೋ ಹುಡುಗಿದು ಇದೆಯಾ?"

ಗುಬ್ಬಿ ಬಾಗಿಲಿಗೆ ಓಡಿದಳು. "ಇದೆ ಅಮ್ಮ! ನಾಲ್ಕು ವರ್ಷ ಕೂತು ಸರಿಮಾಡಿದ್ದಾರೆ. ಹೊಸದರ ಹಾಗೆ ಬಣ್ಣ ಬಂದಿದೆ."

"ನನಗೆ ಅದೊಂದು ತೋರಿಸು. ಅವಳು ಇಳಿದು ಬರೋದು ಒಂದು ಸಲ ನೋಡ್ಬಿಡ್ತೀನಿ."

ನನ್ನ ಕೈಯಲ್ಲಿದ್ದ ಸೌಟು ತಣ್ಣಗಾಯಿತು. ಯಾಕೆ ಅನ್ನುವುದನ್ನು ಆಮೇಲೆ ಬರೆಯುತ್ತೇನೆ. ಮೊದಲು ಪಿಕ್ಚರಿನ ಸಂಗತಿ.

ನಾಲ್ಕು ದಶಕದ ಕೆಳಗೆ ನಮ್ಮ ಟಾಕೀಸಿಗೆ ಒಂದು ಚಳಿಗಾಲದಲ್ಲಿ ಎಲ್ಲಿಂದಲೋ ಇಟಲಿಯ ಪಿಕ್ಚರುಗಳು ಬಂದವು. ಮಾತೂ ಇಟಲಿಯದೇ. ತೆರೆಯ ಕೆಳಗೆ ಬರಹವಿಲ್ಲ, ಏನೂ ಇಲ್ಲ. ಕ್ಯಾಬಿನ್ನಿನಲ್ಲಿ ಪ್ರೊಜೆಕ್ಟರ್ ಓಡಿಸುವ ಆಪರೇಟರ್ ನಾನು. ಟಿಕೆಟ್ ಕಿಟಕಿಯಲ್ಲಿ ಅಕ್ಕ. ಕತ್ತಲಲ್ಲಿ ಜನರಿಗೆ ಸೀಟು ತೋರಿಸುವವನು ಟಾರ್ಚು. ಅವನ ನಿಜ ಹೆಸರು ಅವನಿಗೇ ಮರೆತುಹೋಗಿದೆ.

ಮೊದಲ ವಾರ ಮಾಲೀಕ ತಲೆ ಮೇಲೆ ಕೈ ಹೊತ್ತು ಕೂತಿದ್ದ. ಆದರೆ ಜನ ಬಂದರು ನೋಡಿ! ಮಾತು ಅರ್ಥವಾಗದ್ದರಿಂದಲೇ ಬಂದರು. ಹಸಿರು ಮಂಜು, ನೇರಳೆ ಕಾರಿಡಾರು, ಗಾಳಿಯಿಲ್ಲದೆ ಅಲುಗುವ ಪರದೆ, ಬಿಳಿ ಉಡುಪಿನ ಹೆಣ್ಣು, ಇವಕ್ಕೆ ಮಾತು ಯಾಕೆ? ಅದನ್ನು ನೋಡುವುದು ಜ್ವರದಲ್ಲಿ ಕನಸು ಕಂಡ ಹಾಗೆ. ಎದ್ದ ಮೇಲೆ ಏನಾಯಿತು ಅಂತ ಹೇಳಲಾಗದು, ಆಗಿದ್ದಂತೂ ಹೌದು. ಕ್ಷೌರದಂಗಡಿಯವನು ತೆರೆಗೆ ಬೆನ್ನು ಹಾಕಿ ಕೂತು ಜನರ ಮುಖವನ್ನೇ ನೋಡುತ್ತಿದ್ದ. ಪಿಕ್ಚರಿಗಿಂತ ಇದೇ ಭಯಂಕರ ಅನ್ನುತ್ತಿದ್ದ. ಟೈಲರನ ಹೆಂಡತಿ ಹೆಣೆಯುತ್ತಿದ್ದ ಸ್ವೆಟರನ್ನು ಮುಖಕ್ಕೆ ಹಿಡಿದು ಅದರ ಕಣ್ಣುಗಳೊಳಗಿಂದ ನೋಡುತ್ತಿದ್ದಳು. ಹನ್ನೊಂದು ವಾರಕ್ಕೆ ಆ ಸ್ವೆಟರಿಗೆ ಮೂರು ತೋಳಾದವು.

ಇಂಟರ್‌ವಲ್ಲಿನಲ್ಲಿ ಎಲ್ಲರೂ ನನ್ನ ಕ್ಯಾಬಿನ್ನಿನ ಕೆಳಗೆ ಸೇರುತ್ತಿದ್ದರು. ಯಾಕೆಂದರೆ ಇಡೀ ಊರಿನಲ್ಲಿ ಇಟಲಿ ಭಾಷೆ ಬಲ್ಲವನು ನಾನೊಬ್ಬನೇ. ನನಗೆ ಬರುತ್ತದೆ ಅಂತ ನಾನೇ ಹೇಳಿದ್ದೆ. "ಆ ಮುದುಕಿ ಕಿರುಚಿದ್ದು ಏನಣ್ಣ?" ಅಂತ ಕೇಳಿದರೆ, ಸ್ವಲ್ಪ ಹೊತ್ತು ಮೇಲೆ ನೋಡಿ, "ದೀಪ ಆರಿಸಬೇಡ ಅಂದ್ಲು" ಅನ್ನುತ್ತಿದ್ದೆ. ಯಾವ ಪಿಕ್ಚರಿನ ಯಾವ ಮುದುಕಿ ಕಿರುಚಿದರೂ ಆ ಮಾತು ಹೊಂದುತ್ತಿತ್ತು.

ಔಷಧಿ ಗುಬ್ಬಿ ಕೊಟ್ಟಳು.

ಮಾರ್ಚ್ 7, ಶನಿವಾರ

ಇನ್ನು ಸೌಟು ತಣ್ಣಗಾದ ಕಾರಣ.

ಆ ಪಿಕ್ಚರಿನಲ್ಲಿ ಗಂಟೆ ಎರಕ ಹೊಯ್ಯುವವನೊಬ್ಬ, ಅವನ ಹೆಂಡತಿ, ಒಬ್ಬಳೇ ಮಗಳು. ಕೆರೆಯ ದಂಡೆಯ ದೊಡ್ಡ ಮನೆ. ಎರಕದಲ್ಲೇ ಸೀಳಿದ ಒಂದು ಗಂಟೆಯನ್ನು ಅಪ್ಪ ಕೆರೆಗೆ ಎಸೆಯುತ್ತಾನೆ. ಅಂದಿನಿಂದ ಮಗಳಿಗೆ ನೀರಿನೊಳಗಿಂದ ಅದು ಬಾರಿಸಿದ್ದು ಕೇಳಿಸುತ್ತದೆ. ಒಟ್ಟು ಐದು ರೀಲು. ಮೂರನೆಯದರ ಕೊನೆಗೆ ಕನ್ನಡಿಯಲ್ಲಿ ಒಂದು ಮುಖ ಬರುತ್ತದೆ. ನಾಲ್ಕನೆಯದರಲ್ಲಿ ಕಾಯಿಲೆ ಬಿದ್ದ ಹುಡುಗಿ ಹಾಸಿಗೆಯಿಂದೆದ್ದು, ದೀಪ ಹಿಡಿದು, ಬರಿಗಾಲಲ್ಲಿ ಮೆಟ್ಟಿಲಿಳಿದು ಬರುತ್ತಾಳೆ. ಬೆಳಗಾಗಿದೆ. ಅಮ್ಮ ಅವಳ ತಲೆ ಬಾಚುತ್ತಾಳೆ. ಐದನೆಯದರಲ್ಲಿ ಕೆರೆ. ಹುಡುಗಿ ಸಾಯುತ್ತಾಳೆ. ಮುಗಿಯಿತು.

ನಾನು ಐದನೆಯದನ್ನು ಹಾಕಿ ಆಮೇಲೆ ನಾಲ್ಕನೆಯದನ್ನು ಹಾಕಿದೆ. ಅಂದರೆ ಹುಡುಗಿ ಸತ್ತಳು, ಆಮೇಲೆ ಮೆಟ್ಟಿಲಿಳಿದು ಬಂದಳು. ಕೊನೆಯ ರೀಲಿನ ಬಾಲ ಮೊದಲೇ ಹರಿದಿತ್ತು, ಮುಗಿಯಿತು ಅನ್ನುವ ಬರಹವೇ ಇರಲಿಲ್ಲ. ಹಾಗಾಗಿ ಯಾರಿಗೂ ಗೊತ್ತಾಗಲಿಲ್ಲ. ದೀಪ ಹತ್ತಿದಾಗ ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ಅಪರಿಚಿತರು ಒಬ್ಬರನ್ನೊಬ್ಬರು ತಬ್ಬಿಕೊಂಡರು.

ಊರಿಗೆಲ್ಲ ನಾನು ಹೇಳಿದ್ದೇನು? ಏನೂ ಇಲ್ಲ. ಆದರೆ ನನ್ನೊಳಗೆ ನಾನು ಹೇಳಿಕೊಂಡದ್ದು, ಇಟಲಿಯವನಿಗೆ ಕಥೆ ಮುಗಿಸಲು ಬರಲಿಲ್ಲ, ನಾನು ಮುಗಿಸಿಕೊಟ್ಟೆ ಅಂತ. ಬೇಕೆಂದೇ ಮಾಡಿದೆ ಅಂತ.

ಈ ಪುಸ್ತಕವನ್ನು ಯಾರೂ ಓದುವುದಿಲ್ಲ. ಆದ್ದರಿಂದ ಬರೆಯುತ್ತೇನೆ. ಬೇಕೆಂದು ಮಾಡಿದ್ದಲ್ಲ. ಕಣ್ಣು ಮುಚ್ಚಿಕೊಂಡು ರೀಲು ಏರಿಸುವ ಆಪರೇಟರ್ ಅಂತ ನನಗೆ ಹೆಸರಿತ್ತು. ಟಾರ್ಚು ಜನರನ್ನು ಕರೆತಂದು ತೋರಿಸುತ್ತಿದ್ದ. ಫಿಲಂ ಹಾಯಬೇಕಾದ ಹಲ್ಲುಚಕ್ರ, ಲೂಪು, ಗೇಟು, ಎಲ್ಲವೂ ಕೈಯಂದಾಜಿನಲ್ಲೇ. ಅದು ವಿದ್ಯೆ ಅಂತ ಎಲ್ಲರೂ ತಿಳಿದರು. ಕನ್ನಡಿಯ ಮುಖ ಬರುವ ಹೊತ್ತಿಗೆ ನಾನು ಗಾಜಿನ ಕಿಂಡಿಗೆ ಬೆನ್ನು ಹಾಕಿ ಕಣ್ಣು ಗಟ್ಟಿಯಾಗಿ ಮುಚ್ಚುತ್ತಿದ್ದೆ, ಅಷ್ಟೇ. ಶನಿವಾರದ ಮ್ಯಾಟಿನಿಯಲ್ಲಿ ಕೈಗೆ ನಾಲ್ಕರ ಬದಲು ಐದರ ಡಬ್ಬಿ ಸಿಕ್ಕಿತು. ಕೆರೆಯದನ್ನಂತೂ ನಾನು ಒಂದು ಸಲವೂ ನೋಡಿಲ್ಲ. ಹನ್ನೊಂದು ವಾರ ಓಡಿಸಿದ ರೀಲು.

ಆ ಶನಿವಾರ ಅಕ್ಕ ಟಿಕೆಟ್ ಕಿಟಕಿ ಮುಚ್ಚಿ ಒಳಗೆ ಬಂದು ಕೊನೆಯ ಸಾಲಿನಲ್ಲಿ ಕೂತಿದ್ದಳು. ಅವಳ ಮೊದಲ ಮಗಳು ತೀರಿಕೊಂಡು ಹದಿನಾರು ದಿನವಾಗಿತ್ತು. ಒಂಬತ್ತು ವರ್ಷದವಳು. ನಾಲ್ಕು ದಿನದ ಜ್ವರ. ಗುಬ್ಬಿ ಆಗ ಹುಟ್ಟಿರಲಿಲ್ಲ. ಪಿಕ್ಚರು ಬಿಟ್ಟ ಮೇಲೆ ಅಕ್ಕ ಕ್ಯಾಬಿನ್ನಿನ ಏಣಿ ಹತ್ತಿ ಬಂದು, "ನಾಳೆಯೂ ಹೀಗೇ ಬರ್ತಾಳಾ?" ಅಂತ ಕೇಳಿದಳು.

"ಬರ್ತಾಳೆ" ಅಂದೆ. ಆವತ್ತು ಮನೆಯಲ್ಲಿ ಅವಳು ಊಟ ಮಾಡಿದಳು.

ಹನ್ನೊಂದು ವಾರ ತಪ್ಪದೆ ನಾನು ಐದಾದ ಮೇಲೆ ನಾಲ್ಕು ಹಾಕಿದೆ.

ಮಾರ್ಚ್ 8, ಭಾನುವಾರ

ಮಧ್ಯಾಹ್ನ ಕುರ್ಚಿಯಲ್ಲೇ ಜೋಂಪು ಹತ್ತಿತು. ನಮ್ಮ ಮನೆಯ ನಡುಮನೆಯಲ್ಲಿ ಮೆಟ್ಟಿಲುಗಳಿದ್ದವು. ನಮ್ಮದು ಒಂದೇ ಅಂತಸ್ತಿನ ಮನೆ. ಮೇಲಿಂದ ಹಸಿರು ಮಂಜು ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತಿತ್ತು, ಬೆಕ್ಕು ಇಳಿದ ಹಾಗೆ, ಅವಸರವಿಲ್ಲದೆ. ಎದ್ದಾಗ ಅಕ್ಕನ ಬಾಗಿಲ ಸಂದಿಯಿಂದ ಕೆಂಪು ಬೆಳಕು ನನ್ನ ಪಾದದವರೆಗೆ ಬಂದಿತ್ತು. ಪಾದ ಹಿಂದಕ್ಕೆ ಎಳೆದುಕೊಂಡೆ.

ಮಾರ್ಚ್ 11, ಬುಧವಾರ

ಟಾರ್ಚು ಬಂದಿದ್ದ. ಮಂಡಿ ನೋವು, ಕಿವಿ ಮಂದ, ಆದರೂ ಜೇಬಿನಲ್ಲಿ ಟಾರ್ಚು ಇದ್ದೇ ಇದೆ. ಬಂದವನು ನನ್ನನ್ನು ಮಾತಾಡಿಸದೆ ನೇರವಾಗಿ ಅಕ್ಕನ ಕೋಣೆಗೆ ನಡೆದು, ಮಂಚದ ತುದಿಯಲ್ಲಿ ತನ್ನದೇ ಮನೆ ಎಂಬಂತೆ ಕೂತ.

"ಏನ್ ತಾಯಿ, ಹೌಸ್‌ಫುಲ್ಲಾ?"

"ಒಂದೇ ಸೀಟು ಕಣಪ್ಪ. ಅದೂ ಇಷ್ಟರಲ್ಲೇ ಖಾಲಿ" ಅಂದಳು ಅಕ್ಕ. ಇಬ್ಬರೂ ನಕ್ಕರು. ಇಂಥ ಮಾತಿಗೆ ನಗುವವರನ್ನು ನಾನು ಬೇರೆ ಎಲ್ಲೂ ಕಂಡಿಲ್ಲ.

ನಾನು ಟೀ ತೆಗೆದುಕೊಂಡು ಹೋಗಿ ಹೊಸ್ತಿಲಲ್ಲಿ ನಿಂತೆ. ಟಾರ್ಚು ಕೈ ಚಾಚಿದ. ಅಲ್ಲಿಗೂ ಇಲ್ಲಿಗೂ ಆರು ಅಡಿ. ನಾನು ಲೋಟವನ್ನು ನೆಲದ ಮೇಲಿಟ್ಟು ಅವನ ಕಡೆ ತಳ್ಳಿದೆ.

"ಲೋ ಬಡಾಯಿ," ಅಂದ ಅವನು. ಊರಿನವರೆಲ್ಲ ನನ್ನನ್ನು ಕರೆಯುವುದು ಹಾಗೇ, ಪ್ರೀತಿಯಿಂದ. "ಇಟಲಿ ದೆವ್ವಕ್ಕೆ ಹೆದರದವನು ಈ ಹೊಸ್ತಿಲಿಗೆ ಹೆದರ್ತೀಯಲ್ಲೋ."

"ನೆಲ ಒರೆಸಿದೀನಿ, ಒದ್ದೆ ಇದೆ" ಅಂದೆ.

"ಒದ್ದೆ ಇದ್ಯಂತೆ" ಅಂತ ಅಕ್ಕ ಟಾರ್ಚಿಗೆ ಹೇಳಿದಳು. ನೆಲ ಒಣಗಿ ಬೂದಿಯ ಹಾಗಿತ್ತು.

ಅವನು ಹೋದ. ಇದನ್ನೂ ಬರೆದುಬಿಡುತ್ತೇನೆ. ಮಗುವಿನ ಜ್ವರದ ಆ ನಾಲ್ಕನೇ ದಿನ ಅಕ್ಕ ಟಿಕೆಟ್ ಕಿಟಕಿಯಲ್ಲಿದ್ದಳು. ಭಾವ ಬೇರೂರಿನಲ್ಲಿ ಕೆಲಸಕ್ಕಿದ್ದ. ಮಗುವಿನ ಹತ್ತಿರ ಕೂತಿರು ಅಂತ ನನ್ನನ್ನು ಬಿಟ್ಟಿದ್ದರು. ಮಗುವಿನ ಉಸಿರು ಬೇರೆ ಥರ ಬರತೊಡಗಿತು. ನಾನು ಎದ್ದು ಬಾಗಿಲ ಹೊರಗೆ ಬಂದು ನಿಂತುಬಿಟ್ಟೆ. ಅಕ್ಕ ಓಡಿ ಬರುವವರೆಗೂ ನಿಂತೇ ಇದ್ದೆ. ಅವಳು ನನ್ನನ್ನು ದಾಟಿ ಒಳಗೆ ಹೋದಳು. ಯಾಕೆ ಹೊರಗಿದ್ದೆ ಅಂತ ಇವತ್ತಿನವರೆಗೆ ಕೇಳಿಲ್ಲ.

ಮಾರ್ಚ್ 14, ಶನಿವಾರ

ಹಾಲ್‌ನಲ್ಲಿ ಇವತ್ತು ಅದೇ ಪಿಕ್ಚರು. ಅಕ್ಕನನ್ನು ಕರೆದೊಯ್ಯುವ ಸ್ಥಿತಿಯಿಲ್ಲ. "ನೀನು ನೋಡ್ಕೊಂಡು ಬಾ, ಮೊದಲಿನ ಹಾಗೇ ಇದೆಯಾ ಹೇಳು" ಅಂತ ಬಾಗಿಲ ಸಂದಿಯಿಂದ ಅಪ್ಪಣೆಯಾಯಿತು. ಪಕ್ಕದ ಮನೆಯಾಕೆಯನ್ನು ಅವಳ ಜೊತೆ ಕೂರಿಸಿ ಟಾರ್ಚನ್ನು ಕರೆದುಕೊಂಡು ಹೋದೆ. ಇಸ್ತ್ರಿ ಮಾಡಿದ ಅಂಗಿ ಹಾಕಿದ್ದೆ. ಹಳೇ ಆಪರೇಟರ್ ಬಂದಿದ್ದಾರೆ ಎಂದು ಗುಬ್ಬಿ ಎಲ್ಲರಿಗೂ ಹೇಳಿಯೇ ಹೇಳುತ್ತಾಳೆ, ಆಗ ಎದ್ದು ನಾಲ್ಕು ಮಾತು ಆಡಬೇಕಾಗುತ್ತದೆ ಅಂತ ದಾರಿಯುದ್ದಕ್ಕೂ ಸಿದ್ಧಮಾಡಿಕೊಂಡೆ.

ಹಾಲು ತುಂಬಿತ್ತು. ಎಡಗಡೆ ಕಾಲೇಜಿನ ಮಕ್ಕಳು. ಬಲಗಡೆ ನಮ್ಮ ಕಾಲದವರು: ಕೋಲು, ಕನ್ನಡಕ, ಟೈಲರನ ಹೆಂಡತಿ, ಅವಳ ಮಡಿಲಲ್ಲಿ ಇವತ್ತೂ ಉಲ್ಲನ್ನಿನ ಉಂಡೆ. ಮೇಷ್ಟ್ರ ಥರದವರೊಬ್ಬರು ಬಣ್ಣ, ನೆರಳು, ಕ್ಯಾಮೆರಾ ಅಂತ ಇಪ್ಪತ್ತು ನಿಮಿಷ ಮಾತಾಡಿದರು. ಮಾತು ಚೆನ್ನಾಗಿತ್ತು, ನಾನು ಸ್ವಲ್ಪ ಮಲಗಿದೆ.

ಆಮೇಲೆ ಶುರುವಾಯಿತು. ಅಬ್ಬಾ, ಆ ಹಸಿರು! ಆಗ ನಮ್ಮ ಪ್ರಿಂಟು ಮಾಸಿತ್ತು, ಉದ್ದುದ್ದ ಗೀರು ಬಿದ್ದಿತ್ತು; ಮಳೆ ಬರುವ ಊರೇ ಅದು ಅಂತ ಜನ ತಿಳಿದಿದ್ದರು. ಈಗ ತೆರೆಯೇ ಒಂದು ಬಣ್ಣದ ಗಾಜಿನ ಕಿಟಕಿಯಾಗಿ ತೆರೆದುಕೊಂಡಿತು. ಮಕ್ಕಳು ಮೊದಲು ನಕ್ಕರು. ರಬ್ಬರಿನ ಬಾವಲಿಗೆ ಶಿಳ್ಳೆ ಹೊಡೆದರು. ಕಾರಿಡಾರಿನಲ್ಲಿ ಪರದೆ ಅಲುಗುವ ಹೊತ್ತಿಗೆ ನಗು ಒಂದೊಂದಾಗಿ ಆರಿತು. ನನ್ನ ಮುಂದಿದ್ದ ಹುಡುಗಿ ಫೋನನ್ನು ಕಾಲ ಕೆಳಗೆ ಇಟ್ಟಳು. ಕನ್ನಡಿ ಬರುವುದು ಗೊತ್ತಾದ ಕೂಡಲೇ ನಾನು ಕನ್ನಡಕ ಒರೆಸಲು ಕೆಳಗೆ ಬಗ್ಗಿದೆ.

ಹುಡುಗಿ ಮೆಟ್ಟಿಲಿಳಿದಳು. ಕೆರೆ ಬಂತು. ಮತ್ತೆ ಕನ್ನಡಕ ಒರೆಸಿದೆ. ದೀಪ ಹತ್ತಿತು.

ಎಡಗಡೆಯವರು ಚಪ್ಪಾಳೆ ಹೊಡೆದರು. ಬಲಗಡೆಯವರು ಏಳಲೇ ಇಲ್ಲ, ತೆರೆ ನೋಡುತ್ತ ಕೂತಿದ್ದರು. ಕೊನೆಗೆ ಟೈಲರನ ಹೆಂಡತಿ ಕೇಳಿದಳು: "ಹುಡುಗಿ ಎಲ್ಲಿ? ಬರಲೇ ಇಲ್ವಲ್ಲ?"

"ಅಮ್ಮಾ, ಪಿಕ್ಚರ್ ಮುಗೀತು" ಅಂದರು ಮೇಷ್ಟ್ರು.

"ಹೇಗ್ರೀ ಮುಗಿಯುತ್ತೆ? ಸತ್ತೋಳು ಬರಬೇಕಲ್ಲ!"

ಅಷ್ಟೇ, ಬಲಗಡೆ ಪೂರ್ತಿ ಎದ್ದಿತು. ಕೊನೆಗೆ ತಲೆ ಬಾಚ್ತಾಳೆ ಅಂತ ಒಬ್ಬ. ಯಾರೋ ಕತ್ತರಿಸಿಬಿಟ್ಟಿದ್ದಾರೆ ಅಂತ ಇನ್ನೊಬ್ಬ. ಮೇಷ್ಟ್ರು ಬೆವರು ಒರೆಸಿಕೊಂಡು, ಇದು ಇಟಲಿಯಿಂದ ಬಂದ ಮೂಲ ಪ್ರತಿ ಅಂದರು. ಕೋಲು ಹಿಡಿದ ಮುದುಕನೊಬ್ಬ ಕೋಲನ್ನು ನೆಲಕ್ಕೆ ಕುಟ್ಟಿ, "ಇಟಲಿಯವರಿಗೆ ಏನ್ರೀ ಗೊತ್ತು? ಆವಾಗಿನ ಆಪರೇಟರು ಸರಿಯಾಗಿ ಹಾಕ್ತಿದ್ದ!" ಅಂತ ಗುಡುಗಿದ.

ಟಾರ್ಚು ನನ್ನ ಪಕ್ಕೆಗೆ ತಿವಿದ. "ಏಳೋ! ನಿನ್ನನ್ನೇ ಹೊಗಳ್ತಿರೋದು."

ಇಡೀ ಜೀವಮಾನದಲ್ಲಿ ಯಾರಾದರೂ ಇಷ್ಟು ಜನರ ಮುಂದೆ ನನ್ನನ್ನು ಹೊಗಳಿದ್ದುಂಟೇ? ಇಲ್ಲ. ಏಳಲಾಗಲಿಲ್ಲ. ಕಾಲು ಜೋಮು ಹಿಡಿದಿತ್ತು ಅಂತ ಕಾಣುತ್ತದೆ.

ಅಕ್ಕನಿಗೆ ಏನು ಹೇಳಲಿ?

ಮಾರ್ಚ್ 15, ಭಾನುವಾರ

ಗುಬ್ಬಿಗೆ ಹೇಳಿಬಿಟ್ಟೆ. ಬಟ್ಟೆ ಮಡಚುತ್ತಿದ್ದಳು. ರೀಲಿನದು ಮಾತ್ರ ಹೇಳಿದೆ. ಮಗುವಿನ ಬಾಗಿಲದು ಹೇಳಲಿಲ್ಲ.

ಮೊದಲು ಅವಳು ದಿಂಬಿಗೆ ಮುಖ ಒತ್ತಿ ನಕ್ಕಳು. "ಮಾಮ! ನಾವು ನಾಲ್ಕು ವರ್ಷ ಇಟಲಿಗೆ ಪತ್ರ ಬರೆದು ಬರೆದು ಸುಸ್ತಾದ್ವಿ. ಈ ಊರಿನ ಮುದುಕರೆಲ್ಲ ಬೇರೆ ಕಥೆ ಹೇಳ್ತಾರಲ್ಲ, ಇನ್ನೊಂದು ಪ್ರತಿ ಎಲ್ಲೋ ಇರಬೇಕು ಅಂತ ಹುಡುಕಿ ಹುಡುಕಿ. ಅದು ನೀನಾ?"

ಆಮೇಲೆ ನಗು ನಿಂತಿತು. ಕೈಯಲ್ಲಿದ್ದ ಟವೆಲನ್ನು ಮಡಚಿದಳು, ಬಿಚ್ಚಿದಳು, ಮತ್ತೆ ಮಡಚಿದಳು. "ಅಮ್ಮ ಕೇಳ್ತಿರೋದು ಅದನ್ನೇ ಅಲ್ವಾ. ಅಕ್ಕ ವಾಪಸ್ ಬರೋದನ್ನ." ಅವಳು ಅಕ್ಕ ಅಂದದ್ದು ತಾನು ಕಾಣದ ಆ ಮಗುವನ್ನು.

"ನೀನು ಅದಲು ಬದಲು ಮಾಡಿಕೊಡು. ನಾನು ಓಡಿಸ್ತೀನಿ. ಹುಡುಗಿ ಕೆರೆಯಲ್ಲೇ ಉಳಿದುಹೋದರೆ ನಿಮ್ಮಮ್ಮ ತಡೆಯಲ್ಲ" ಅಂದೆ.

ರೀಲು ಅನ್ನುವುದೇ ಈಗ ಇಲ್ಲವಂತೆ. ಎಲ್ಲ ಕಂಪ್ಯೂಟರಿನೊಳಗೆ ಒಂದೇ ಉದ್ದ. ಆದರೂ ನನಗೋಸ್ಕರ ಅದನ್ನು ಐದು ತುಂಡು ಮಾಡಿ, ಒಂದೊಂದಕ್ಕೆ ಒಂದೊಂದು ಗುಂಡಿ ಗೊತ್ತುಮಾಡಿ, ಮೇಲೆ ಚೀಟಿ ಅಂಟಿಸಿದಳು. ಒಂದರಿಂದ ಐದು. "ಕಣ್ಣು ಬಿಟ್ಕೊಂಡು ಒತ್ತು ಮಾಮ" ಅಂದಳು. ತಮಾಷೆಗೆ ಅಂದದ್ದೋ ಏನೋ.

ಮಾರ್ಚ್ 16, ಸೋಮವಾರ

ಅಭ್ಯಾಸ. ಮೂರು, ಐದು, ನಾಲ್ಕು. ಮೂರು, ಐದು, ನಾಲ್ಕು.

ಮಾರ್ಚ್ 18, ಬುಧವಾರ

ಇವತ್ತು ಮಧ್ಯಾಹ್ನ ನಮ್ಮ ಮನೆಯಲ್ಲಿ ಮ್ಯಾಟಿನಿ.

ಅಕ್ಕನ ಮಂಚದ ಎದುರಿನ ಗೋಡೆಗೆ ಗುಬ್ಬಿ ಬಿಳಿ ಹೊದಿಕೆಯನ್ನು ಮೊಳೆ ಹೊಡೆದು ಹರಡಿದಳು. ಕೆಂಪು ಪರದೆಯ ಮೇಲೆ ಕಂಬಳಿ ಹಾಕಿ ಬಿಸಿಲು ಮುಚ್ಚಿದಳು. ಅವಳ ಕಚೇರಿಯ ಪುಟ್ಟ ಪ್ರೊಜೆಕ್ಟರನ್ನು ನಾನು ಸ್ಟೂಲಿನ ಮೇಲಿಟ್ಟೆ. ಸ್ಟೂಲನ್ನು ಹೊಸ್ತಿಲಿನ ಹೊರಗಿಟ್ಟೆ. ಕ್ಯಾಬಿನ್ನು ಯಾವತ್ತೂ ಹೊರಗೇ ಇರಬೇಕು, ಅದು ನಿಯಮ. ಟಾರ್ಚು ಬಂದು ಗುಬ್ಬಿಗೆ ಟಾರ್ಚು ಬೆಳಗಿ ಕುರ್ಚಿ ತೋರಿಸಿದ. ಆಮೇಲೆ ಮಲಗಿದ್ದ ಅಕ್ಕನಿಗೂ ಅವಳ ದಿಂಬು ತೋರಿಸಿದ. "ಸುಮ್ನೆ ಇರಯ್ಯ, ಕಣ್ಣಿಗೆ ಹೊಡೀತಿದೆ" ಅಂದಳು ಅವಳು. ತುಂಬಾ ಖುಷಿಯಲ್ಲಿದ್ದಳು. ತಲೆ ಬಾಚಿಸಿಕೊಂಡಿದ್ದಳು.

ಒಂದು. ಎರಡು. ಮೂರು.

ಕೋಣೆ ಹಸಿರಾಯಿತು, ನೇರಳೆಯಾಯಿತು. ಔಷಧಿ ಬಾಟಲಿಗಳು ಆ ಮನೆಯ ಹೂದಾನಿಗಳ ಹಾಗೆ ಹೊಳೆದವು. ಯಾವುದು ಗೋಡೆಯ ಮೇಲಿನ ಮನೆ, ಯಾವುದು ನಮ್ಮದು ಅಂತ ನನಗೆ ಒಂದೊಂದು ಸಲ ಗೊತ್ತಾಗುತ್ತಿರಲಿಲ್ಲ. ಅಕ್ಕನ ಕೆನ್ನೆಯ ಮೇಲೂ ಮಂಜು ಹರಿಯುತ್ತಿತ್ತು. ಕನ್ನಡಿ ಬಂತು. ನಾನು ಗುಂಡಿಗಳ ಮೇಲೆ ಬಗ್ಗಿದೆ. ಮುಖ ಹೋಯಿತು ಅಂತ ಸಂಗೀತದಿಂದ ಗೊತ್ತಾಯಿತು. ಬೆರಳು ಐದರ ಮೇಲಿತ್ತು.

"ನಾಲ್ಕು ಹಾಕೋ" ಅಂದಳು ಅಕ್ಕ.

ನಾನು ಐದರ ಮೇಲಿಂದ ಬೆರಳು ಎತ್ತಿದೆ.

"ಮೆಟ್ಟಿಲು ಮೊದಲು ಆಗಲಿ. ಆಮೇಲೆ ಕೆರೆ. ಸರಿಯಾಗಿ ಹಾಕು."

"ಅಕ್ಕಾ, ಅದು ಸರಿ ಅಂತ ನಿನಗೆ…"

"ಟಿಕೆಟ್ ಕೊಡೋಳು ನಾನು. ಶುಕ್ರವಾರ ಒಂಥರಾ, ಶನಿವಾರ ಇನ್ನೊಂಥರಾ ಬಂದ್ರೆ ಗೊತ್ತಾಗಲ್ವೇನೋ? ಯಾವನ ಕೈಯೋ ನಡುಗಿದೆ ಅಂದ್ಕೊಂಡೆ. ನಡುಗಿದ್ದಕ್ಕೇ ನನಗೆ ಹನ್ನೊಂದು ವಾರ ಸಿಕ್ತು. ಆದ್ರೆ ಪ್ರತಿ ದಿನ ಇಳಿದು ಬಂದೋಳು ಮಾರನೇ ದಿನ ಮತ್ತೆ ಕೆರೆಗೆ ಹೋಗ್ಲೇಬೇಕಿತ್ತಲ್ಲೋ. ಮ್ಯಾಟಿನಿಗೆ ಒಂದು ಸಲ, ಫಸ್ಟ್ ಶೋಗೆ ಒಂದು ಸಲ. ಪಾಪ, ಎಷ್ಟು ಓಡಾಡಿಸಿದೆವು ಆ ಮಗೂನ. ಸಾಕು. ಇವತ್ತು ಇಳಿದು ಬರೋದನ್ನ ಕಣ್ತುಂಬ ನೋಡ್ತೀನಿ, ಆಮೇಲೆ ಹೋಗ್ಲಿ."

ಗುಬ್ಬಿ ಅಳುತ್ತಿದ್ದಳು. ಟಾರ್ಚಿಗೆ ಇದೊಂದೂ ಕೇಳಿಸಲಿಲ್ಲ, "ರೀಲ್ ಕಟ್ಟಾಯ್ತಾ?" ಅಂದ.

ನಾನು ನಾಲ್ಕು ಒತ್ತಿದೆ. ಹುಡುಗಿ ಇಳಿದಳು. ಅಮ್ಮ ತಲೆ ಬಾಚಿದಳು. ಅಕ್ಕನ ತುಟಿ ಅಲುಗುತ್ತಿತ್ತು. ಆ ತುಂಡು ಮುಗಿದು ಹೊದಿಕೆ ಬಿಳಿಯಾಯಿತು. ಅಕ್ಕ ಬಾಗಿಲ ಕಡೆ ತಲೆ ಹೊರಳಿಸಿದಳು.

"ನಿನಗೊಂದು ಮಾತು ಹೇಳಿರಲಿಲ್ಲ. ಆವತ್ತು ನಾನು ಓಡಿ ಬಂದಾಗ ಮಗೂಗೆ ಎಚ್ಚರ ಇತ್ತು. ಏನಂದ್ಲು ಗೊತ್ತಾ? 'ಅಮ್ಮ, ದೆವ್ವ ಒಳಗೆ ಬರಬಾರದು ಅಂತ ಮಾಮ ಬಾಗಿಲಲ್ಲಿ ಕಾವಲು ನಿಂತಿದ್ದಾನೆ' ಅಂದ್ಲು. ನಿನ್ನ ಬಡಾಯಿ ಎಲ್ಲಾ ನಂಬಿದ್ಲಲ್ಲ ಅವಳು. ಅವಳು ಹೆದರಲಿಲ್ಲ ಕಣೋ."

ಅವಳು ಮಂಚದ ಅಂಚನ್ನು ಅಂಗೈಯಿಂದ ತಟ್ಟಿದಳು.

"ನನಗೆ ಕಾವಲು ಬೇಡ. ಒಳಗೆ ಬಂದು ಕೂತ್ಕೋ."

ಐದು ಒತ್ತಿ ಒಳಗೆ ಹೋದೆ. ಆರು ಅಡಿ ಇರಲಿಲ್ಲ, ಎರಡೇ ಹೆಜ್ಜೆ. ಮಂಚದ ಮೇಲೆ, ಅವಳ ಕಾಲಿನ ಹತ್ತಿರ ಕೂತೆ. ಪಾದ ತಣ್ಣಗಿತ್ತು, ಅಂಗೈಯಲ್ಲಿ ಹಿಡಿದುಕೊಂಡೆ.

ಕೆರೆ ಹೀಗಿದೆ. ಹುಡುಗಿಯನ್ನು ಯಾರೂ ಎಳೆಯುವುದಿಲ್ಲ. ತಾನೇ ನಡೆದು ಹೋಗುತ್ತಾಳೆ. ನೀರು ಮೊಣಕಾಲಿಗೆ, ಸೊಂಟಕ್ಕೆ, ಕತ್ತಿಗೆ. ಕೂದಲು ನೀರ ಮೇಲೆ ಬಿಡಿಸಿಟ್ಟ ಬಟ್ಟೆಯ ಹಾಗೆ ಹರಡುತ್ತದೆ. ಒಳಗಿಂದ ಗಂಟೆ ಬಾರಿಸುತ್ತದೆ, ಸೀಳಿದ ಗಂಟೆಯಾದರೂ ದನಿ ಇಂಪಾಗಿದೆ. ಅಮ್ಮ ದಡದಲ್ಲಿ ದೀಪ ಎತ್ತಿ ಹಿಡಿದು ನಿಂತಿದ್ದಾಳೆ, ಕೈ ಇಳಿಸುವುದಿಲ್ಲ. ಮೇಲೆ ಚಂದ್ರ. ಗಮನವಿಟ್ಟು ನೋಡಿದರೆ ಚಂದ್ರನಿಗೆ ದಾರ ಕಟ್ಟಿದ್ದು ಕಾಣುತ್ತದೆ. ಇದಕ್ಕೇ ನಾನು ಇಷ್ಟು ವರ್ಷ ಬೆನ್ನು ಹಾಕಿ ನಿಂತದ್ದು.

"ಆ ಅಮ್ಮ ಕೂಗಿದ್ದು ಏನೋ?" ಅಂತ ಅಕ್ಕ ಕೇಳಿದಳು.

"ನನಗೆ ಇಟಲಿ ಭಾಷೆ ಬರಲ್ಲ ಅಕ್ಕ" ಅಂದೆ.

"ಗೊತ್ತು, ಹೇಳು."

"ದೀಪ ಆರಿಸಲ್ಲ ಅಂದ್ಲು."

ಮಾರ್ಚ್ 19, ಗುರುವಾರ

ಬೆಳಿಗ್ಗೆ 8. ಬಿಳಿ ಮಾತ್ರೆ ಒಂದು, ಅರ್ಧ ಲೋಟ ನೀರು. ಚೆನ್ನಾಗಿದ್ದಳು. ರಬ್ಬರಿನ ಬಾವಲಿ ನೆನೆದು ನಕ್ಕಳು.

ಮಧ್ಯಾಹ್ನ 2. ನೋವಿನ ಔಷಧಿ ಒಂದು ಚಮಚ. ಮಲಗಿದಳು.

ಸಂಜೆ 6. ಕಾಲು ಒತ್ತಿದೆ.

ಗುಬ್ಬಿಯ ಗೆರೆಗಳು ನೇರವಾಗಿವೆ. ಬರೆಯಲು ಅನುಕೂಲ.

ಮಾರ್ಚ್ 22, ಭಾನುವಾರ

ಬೆಳಿಗ್ಗೆ 8. ಮಾತ್ರೆ ನುಂಗಲಾಗಲಿಲ್ಲ. ಪುಡಿ ಮಾಡಿ ನೀರಿನಲ್ಲಿ ಕೊಟ್ಟೆ.

ಮಧ್ಯಾಹ್ನ 2. ಔಷಧಿ ಒಂದೂವರೆ ಚಮಚ, ಡಾಕ್ಟರನ್ನು ಕೇಳಿ. ಟಾರ್ಚು ಬಂದಿದ್ದ. ಟೀಯನ್ನು ಅವನ ಕೈಗೇ ಕೊಟ್ಟೆ.

ಸಂಜೆ 4. ಬೆಳಕು ಬೇಕು ಅಂದಳು. ಪರದೆ ಸರಿಸಿದೆ.

ಮಾರ್ಚ್ 25, ಬುಧವಾರ

ಬೆಳಿಗ್ಗೆ 8. ಬೇಡ ಅಂದಳು. ತುಟಿಗೆ ಹತ್ತಿಯಲ್ಲಿ ನೀರು ಒತ್ತಿದೆ.

ಮಧ್ಯಾಹ್ನ 2. ಔಷಧಿ ಎರಡು ಹನಿ, ನಾಲಿಗೆಯ ಕೆಳಗೆ. ಗುಬ್ಬಿ ತಲೆಯ ಹತ್ತಿರ, ನಾನು ಕಾಲಿನ ಹತ್ತಿರ.

3.10. ಉಸಿರು ಬೇರೆ ಥರ ಬರತೊಡಗಿತು.

3.25. ಬಿಸಿಲು ಗೋಡೆಗೆ ಬಂತು. ಮೊಳೆ ಹೊಡೆದ ಹೊದಿಕೆ ಹಾಗೇ ಇದೆ, ಅದರ ಮೇಲೆ ಬಿತ್ತು.

3.40. ಕೊನೆಯವರೆಗೂ ನೋಡಿದೆ.